ಅಜ್ಜಿ, ನಾನು ಮತ್ತು ಹನ್ನೆರಡು ಕ್ರೇಯಾನು

ಪಾಸ್‌ಪೋರ್ಟಿನಲ್ಲಿ ಠಸ್ಸೆ ಒತ್ತಲು ಜಾಗವಿಲ್ಲದಷ್ಟು ತಿರುಗಿದ್ದೇನೆ. ಆದರೂ ಬಾಯಿ ಬಿಟ್ಟುಕೊಂಡು ನಿಲ್ಲುವಂಥದ್ದೆಲ್ಲ ನಡೆಯುವುದು ತಿಪಟೂರಿನ ನನ್ನ ಪಕ್ಕದ ಮನೆಯಲ್ಲೇ. ಈ ಸಲ ಅಲ್ಲಿನ ಅಜ್ಜಿಯ ಮೊಮ್ಮಗಳಿಗೆ ಒಂದು ಡಬ್ಬಿ ಕ್ರೇಯಾನು ತಂದುಕೊಟ್ಟೆ. ನಾನು ಮಾಡಿದ್ದು ಅಷ್ಟೇ.

ರುಚಿ

ಮೊದಲ ದಿನವೇ ಮಗು ಹಸಿರು ಬಣ್ಣವನ್ನು ಕಚ್ಚಿ ನುಂಗಿತು. ಅಜ್ಜಿ ಓಡಿ ಬಂದರು.

"ಇದನ್ನ ಯಾತರಲ್ಲಿ ಮಾಡ್ತಾರೆ ಕಣೇ?"

"ಮೇಣ, ಬಣ್ಣದ ಪುಡಿ. ವಿಷ ಇಲ್ಲ ಅಂತ ಡಬ್ಬಿ ಮೇಲೇ ಬರೆದಿದೆ ಅಜ್ಜಿ."

"ಬರೆದೋರು ತಿಂದು ನೋಡವ್ರಾ?"

ಈ ಪ್ರಶ್ನೆ ನನಗೆ ಯಾವ ದೇಶದಲ್ಲೂ ಹೊಳೆದಿರಲಿಲ್ಲ. ಅಜ್ಜಿ ಉತ್ತರಕ್ಕೆ ಕಾಯಲಿಲ್ಲ. ಕೆಂಪಿನ ತುದಿ ಕಚ್ಚಿ, ಕಣ್ಣು ಮುಚ್ಚಿ ಅಗಿದು, "ಏನೂ ಆಗಕಿಲ್ಲ ಬುಡು. ಉಪ್ಪು ಸಾಲದು" ಎಂದರು.

ಬಿಸಿಲು

ಮಗು ಡಬ್ಬಿಯನ್ನು ನೀರಿನ ತೊಟ್ಟಿಯ ತಗಡಿನ ಮುಚ್ಚಳದ ಮೇಲೆ ಮರೆತಿತ್ತು. ಮಧ್ಯಾಹ್ನಕ್ಕೆ ಎಲ್ಲ ಬಣ್ಣವೂ ಕರಗಿ ಹರಿಯುತ್ತಿತ್ತು. "ಮೇಣ ಅಲ್ವಾ, ಬಿಸಿಲಿಗೆ ಇಡಬಾರದು" ಎಂದು ನಾನು ಪಾಠ ಹೇಳುತ್ತಿದ್ದರೆ, ಅಜ್ಜಿ ಅದನ್ನು ಕೆರೆದು ತೆಂಗಿನ ಚಿಪ್ಪಿಗೆ ತುಂಬಿ ನೆರಳಿಗಿಟ್ಟರು. ಸಂಜೆಗೆ ಗಟ್ಟಿಯಾಗಿ ಒಂದೇ ಬಳಪ, ಎಳೆದಲ್ಲೆಲ್ಲ ಬಣ್ಣ ಬದಲು! ಇಂಥದ್ದನ್ನೇ ಹೊರದೇಶದ ಅಂಗಡಿಯೊಂದರ ಗಾಜಿನೊಳಗೆ ಕಂಡು ಫೋಟೋ ತೆಗೆದುಕೊಂಡಿದ್ದವಳು ನಾನು. ದಂಗಾಗಿ ನಿಂತೆ.

"ನೋಡಿದ್ದು ಸಾಕು, ಚಿಪ್ಪು ಕೊಡು. ನೀರೊಲೆಗೆ ಬೇಕು."

ಮಾಲು

ಆ ಬಳಪ ಹಿಡಿದು ಮಗು ಉಂಡೆ ಕೊಬ್ಬರಿಯ ರಾಶಿಗೆ ಹೋಯಿತು. ವರ್ಷವಿಡೀ ಅಟ್ಟದಲ್ಲಿ ಒಣಗಿ, ಆಗಷ್ಟೇ ಇಳಿಸಿ ಸುಲಿದ ಕೊಬ್ಬರಿ. ಒಂದು ಕಲೆ ಕಂಡರೂ ವ್ಯಾಪಾರಿ ಇಡೀ ರಾಶಿಯನ್ನೇ ಬೇಡವೆನ್ನುತ್ತಾನೆ. ಹೋದ ವಾರವೇ ಬರಬೇಕಿದ್ದ ಅವನು ಇನ್ನೊಂದು ಗಂಟೆಯಲ್ಲಿ ಬರುವವನಿದ್ದ. ಮಗು ಸಿಕ್ಕಿದ್ದಕ್ಕೆಲ್ಲ ಕಣ್ಣು, ಮೂಗು, ಮೀಸೆ ಬರೆದಿತ್ತು.

ತಂದುಕೊಟ್ಟವಳು ನಾನಲ್ಲವೇ, ಬೆವರಿದೆ. ಒದ್ದೆ ಬಟ್ಟೆಯಲ್ಲಿ ತಿಕ್ಕಿದೆ. ಮೇಣ ನೀರಿಗೆ ಜಗ್ಗುತ್ತದೆಯೇ? ಫೋನು ತೆಗೆದು ಉಪಾಯ ಹುಡುಕತೊಡಗಿದೆ. ಅಷ್ಟರಲ್ಲಿ ಅಜ್ಜಿ ಬಟ್ಟೆಗೆ ಕೊಬ್ಬರಿ ಎಣ್ಣೆ ಅದ್ದಿ ಒಮ್ಮೆ ಒರೆಸಿದರು. ಮುಖವೇ ಮಾಯ!

"ಯಾರು ಹೇಳಿಕೊಟ್ರು ಅಜ್ಜಿ?"

"ಹಲಸಿನ ಅಂಟು ಎಣ್ಣೆಗೆ ಹೋಗಲ್ವಾ? ಹಂಗೇಯ. ಬಾಯಿ ಮುಚ್ಕೊಂಡು ಒರೆಸು."

ಒರೆಸಿದೆವು. ವ್ಯಾಪಾರಿ ಬಂದ. "ಈ ಸಲ ಮಾಲು ಮಿಂಚ್ತಾ ಐತಲ್ಲಮ್ಮ" ಎನ್ನುತ್ತ ರಾಶಿಯ ತಳಕ್ಕೆ ಕೈ ಹಾಕಿ ಒಂದನ್ನೆತ್ತಿದ. ನಮ್ಮ ಕಣ್ತಪ್ಪಿದ್ದು! ಗಿರಿಜಾ ಮೀಸೆ, ಥೇಟ್ ಅವನದೇ.

"ಇದೇನಮ್ಮ ಇದು?"

ಅಜ್ಜಿ ರೆಪ್ಪೆ ಬಡಿಯಲಿಲ್ಲ. "ಹೋದ ವಾರ ಬತ್ತೀನಿ ಅಂದೋನು ಈಗ ಬಂದಿದ್ದೀಯ. ಕಾದೂ ಕಾದೂ ಅದಕ್ಕೂ ಮೀಸೆ ಬಂತು ಕಣಪ್ಪ."

ಅವನು ತನ್ನ ಮೀಸೆಯನ್ನೊಮ್ಮೆ ತಡವಿಕೊಂಡು ಮೂಟೆ ಕಟ್ಟಿಸಿದ.