ಟಗರಿಗಾದ ಪೋಸ್ಟ್‌ಮಾರ್ಟಂ

ಧರ್ಮಪುರಿ ಕಡೆ, ಮರಗೆಣಸು ಅರೆದು ಜವ್ವರಿಸಿ, ಅಂದರೆ ಸಬ್ಬಕ್ಕಿ, ಮಾಡುವ ಮಿಲ್ಲಿನಲ್ಲಿ, ಕುಡಿಯುವ ನೀರಿನ ತೊಟ್ಟಿಯ ಪಕ್ಕ, ಕೂಲಿ ಹೆಂಗಸು ಶಿವಲಕ್ಷ್ಮಿ ಬೆಳಿಗ್ಗೆ ಸತ್ತು ಬಿದ್ದಿದ್ದಳು. ಹೆಣದ ಮೇಲಿನ ಬಟ್ಟೆ ಸರಿಸದೆಯೇ ಎಸ್‌ಐ ಪ್ರಭಾಕರನ್ ‘ಹಾವು ಕಚ್ಚಿ ಮರಣ’ ಎಂದು ಬರೆದರು.

ಅದೇ ಊರಿನ ತಿಮ್ಮರಾಯಪ್ಪನ ಟಗರೂ ಆ ತೊಟ್ಟಿಗೆ ಬಾಯಿ ಹಾಕಿ ಸತ್ತಿತ್ತು. ಟಗರಿಗೆ ಇನ್ಶೂರೆನ್ಸ್ ಇತ್ತು, ಕಿವಿಯಲ್ಲಿ ಹಳದಿ ಬಿಲ್ಲೆ ಇತ್ತು. ಹಾಗಾಗಿ ಮೊರಪ್ಪೂರಿನಿಂದ ಪಶುವೈದ್ಯರು ಬಂದು, ಹೊಟ್ಟೆ ಸೀಳಿ, ಕರುಳನ್ನು ಸೀಸೆಗೆ ತುಂಬಿ, ‘ಮಿಲ್ಲಿನ ಗೆಣಸಿನ ಕೊಳಚೆ ಸೇರಿದ ನೀರು ಕುಡಿದು ವಿಷವೇರಿ ಸಾವು’ ಎಂದು ಮೊಹರು ಒತ್ತಿ ಕೊಟ್ಟು ಹೋದರು.

ಆ ಕಾಗದ ಜೇಬಿಗಿಟ್ಟು ಹೊರಟ ತಿಮ್ಮರಾಯಪ್ಪನನ್ನು ಪಕ್ಕದ ಮನೆಯ ಕುಪ್ಪಸ್ವಾಮಿ ಹಿಡಿದೆಳೆದ.

“ಮಾವ, ಬಿರ್ನೆ ಬಾ. ಎಣ ಎತ್ತಕ್ಕೆ ಐದು ಜನ ಮರ್ಯಾದಸ್ತರು ಸೈನು ಹಾಕಬೇಕಂತೆ. ನಾಲ್ಕು ಜನ ಆಗವ್ರೆ.”

“ಮರ್ಯಾದಸ್ತ ನಾನಾ? ಬೇಲಿ ಮೇಯ್ಸಿದ್ದಕ್ಕೆ ನಿನ್ನೆ ನನ್ನ ಏನಂತ ಬೈದೆ ಲಾ?”

“ಅದು ನಿನ್ನೆ.”

ತೊಟ್ಟಿಯ ಬಳಿ ಎಸ್‌ಐ ತಮ್ಮ ಮೇಜಿನ ಮುಂದೆ ಕುರ್ಚಿ ಹಾಕಿಸಿದರು. ತಿಮ್ಮರಾಯಪ್ಪ ಬೇರೆಯವರ ಚಪ್ಪಲಿ ಮೆಟ್ಟಿದವನಂತೆ ಅದರ ತುದಿಯಲ್ಲಿ ಕೂತು ಕೇಳಿದ: “ಆವು ಕಂಡೋರು ಯಾರು ಸಾರ್?”

“ನೀವು ಐದು ಜನಾನೂ.”

“ನನ್ನ ಟಗರಿಗೆ ಡಾಕ್ಟ್ರು ನೀರು ಅಂತ ಬರೆದವ್ರಲ್ಲ?” ಎಂದು ಅವನು ಕಾಗದ ಚಾಚಿದ.

ಹೆಣದ ಪಕ್ಕ ಕೂತಿದ್ದ ತಾಯಿ ಲಕ್ಷ್ಮಕ್ಕ ತಲೆ ಎತ್ತಿದಳು. “ಅಣ್ಣಯ್ಯ, ನನ್ನ ಮಗಳ್ನೂ ಆ ಡಾಕ್ಟ್ರಿಗೇ ತೋರ್ಸನಾ?”

ಎಸ್‌ಐ ಕಾಗದವನ್ನು ಎರಡು ಸಲ ಓದಿದರು, ಆಚೆ ಹೋಗಿ ಮಿಲ್ಲಿನ ಓನರಿಗೆ ಫೋನು ಮಾಡಿದರು, ನಗುತ್ತ ಬಂದರು.

“ಸರಿ ಅಯ್ಯಾ, ನೀರು ಅಂತಲೇ ಬರೆಯೋಣ. ತೊಟ್ಟಿಗೆ ಟಗರು ಬಿಟ್ಟು ನೀರು ಕೆಡಿಸಿದ್ದು ಯಾರು? ನೀನು. ಅದನ್ನ ಕುಡಿದು ಈ ಪೊಣ್ಣು ಸತ್ತಳು. ಮೊದಲನೇ ಆರೋಪಿ ನೀನೇ. ಬೇಡ ಅಂದ್ರೆ ಹಾವು ಐತೆ. ಕೈಯೆಳುತ್ತು ಪೋಡು, ಸೈನು ಹಾಕು.”

“ಆವೇ ವಾಸಿ ಮಾವ,” ಎಂದು ಕುಪ್ಪಸ್ವಾಮಿ ಪೆನ್ನಿನ ಮುಚ್ಚಳ ತೆಗೆದುಕೊಟ್ಟ.

ತಿಮ್ಮರಾಯಪ್ಪ ಪೆನ್ನು ಹಿಡಿದ.

“ನನ್ನ ಮೇಲೆ ಕೇಸಾದ್ರೆ ಎಣ ಕುಯ್ದು ನೋಡ್ತೀರಾ ಸಾರ್?”

“ಬಿಡ್ತಾರಾ?” ಎಸ್‌ಐ ಇನ್ನಷ್ಟು ಹೆದರಿಸಿದರು. “ಧರ್ಮಪುರಿಗೆ ಕಳಿಸಿ, ಕುಯ್ದು, ಕರುಳು ಸೀಸೆಗೆ ತುಂಬಿಸಿ, ನಿನ್ನ ಜೈಲಿಗೆ ಹಾಕೋವರೆಗೂ ಬಿಡಲ್ಲ.”

ತಿಮ್ಮರಾಯಪ್ಪ ಕುರ್ಚಿಯಿಂದ ಎದ್ದ. ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ.

“ಅಂಗಾರೆ ಕೇಸು ಬರ್ಕೊಳ್ಳಿ ಸಾರ್. ಆವಿಗೆ ನಾನು ಸೈನು ಹಾಕಲ್ಲ.”