ಕನ್ನಡ ಟೈಪಿಂಗ್ ಬಾರದ ಪರೀಕ್ಷಕ

ಮುಂದೆ ಯಾವ ಕೆಲಸಕ್ಕೆ ಬೇಡಿಕೆ ಬರುತ್ತದೆ ಎಂದು ಖಚಿತವಾಗಿ ಹೇಳುವವರನ್ನು ಕಂಡರೆ ನನಗೆ ಈಗ ಸ್ವಲ್ಪ ಭಯ. ಏಕೆಂದರೆ ಬಹಳ ವರ್ಷ ಹಾಗೆ ಹೇಳಿಕೊಂಡು ತಿರುಗಿದವನು ನಾನೇ. ಕೊಳ್ಳೇಗಾಲದಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ನಾಲ್ಕು ಮಿಷನ್ನು, ನಾಲ್ಕೂ ಇಂಗ್ಲಿಷಿನವು. ಕೆಳಗೆ ಗಿರಣಿ ಓಡಿದರೆ ಮೇಲೆ ಮೇಜು ನಡುಗುತ್ತಿತ್ತು. ವಿದ್ಯಾರ್ಥಿಗಳು ಮಾಡಿದ ತಪ್ಪುಗಳನ್ನೆಲ್ಲ ಗಿರಣಿಯ ಲೆಕ್ಕಕ್ಕೆ ಹಾಕುತ್ತಿದ್ದರು. ನಾನು ಟೈಪಿಂಗ್ ಕಲಿತದ್ದು ನಮ್ಮೂರು ಇನ್ನೂ ಕೊಯಮತ್ತೂರು ಜಿಲ್ಲೆಯಲ್ಲಿದ್ದಾಗ. ಊರು ಮೈಸೂರು ರಾಜ್ಯಕ್ಕೆ ಸೇರಿ ಹತ್ತು ಹದಿನೈದು ವರ್ಷ ಕಳೆದರೂ ನನ್ನ ಬೆರಳುಗಳಿಗೆ ಆ ಸುದ್ದಿ ತಲುಪಿರಲಿಲ್ಲ.

ಬಂಡಳ್ಳಿಯ ಮಹದೇವಮ್ಮ ಒಂದು ದಿನ ಅಪ್ಪನ ಜೊತೆ ಬಂದಳು. ಎಸ್ಸೆಸ್ಸೆಲ್ಸಿ ಪಾಸಾಗಿ ಏಳೆಂಟು ವರ್ಷದಿಂದ ಮನೆಯಲ್ಲೇ ಇದ್ದಳು. ಕನ್ನಡ ಟೈಪಿಂಗ್ ಕಲಿಸುತ್ತೀರಾ ಎಂದು ಕೇಳಿದಳು. ಕಚೇರಿಗಳಲ್ಲಿ ಇನ್ನು ಮೇಲೆ ಕನ್ನಡವಂತೆ ಎಂದು ಯಾರೋ ಹೇಳಿದ್ದರು. ಕಲಿಸಲು ಬರುವುದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಾನು ಅರ್ಧ ಗಂಟೆ ಭಾಷಣ ಮಾಡಿದೆ. ಕನ್ನಡ ಮಿಷನ್ನು ಬಂದಷ್ಟೇ ಬೇಗ ಹೋಗುತ್ತದೆ, ಒತ್ತಕ್ಷರ ಇರುವ ಭಾಷೆಗೆ ಮಿಷನ್ನು ಒಗ್ಗುವುದಿಲ್ಲ, ಇಂಗ್ಲಿಷಿನ ಜೊತೆ ಶಾರ್ಟ್‌ಹ್ಯಾಂಡ್ ಕಲಿತರೆ ಕೆಲಸ ಮನೆ ಬಾಗಿಲಿಗೆ ಬರುತ್ತದೆ ಎಂದೆಲ್ಲ ಹೇಳಿದೆ. ಅವಳ ಅಪ್ಪ ಭಕ್ತಿಯಿಂದ ಕೇಳಿದ. ಅವಳು ಮಾತ್ರ ನನ್ನ ನಾಲ್ಕು ಮಿಷನ್ನುಗಳನ್ನು ಒಂದೊಂದಾಗಿ ನೋಡಿ, ನಮಸ್ಕಾರ ಹೇಳಿ ಮೆಟ್ಟಿಲಿಳಿದಳು. ಮೈಸೂರಿನ ಸೋದರತ್ತೆಯ ಮನೆಯಲ್ಲಿದ್ದು ಅವಳು ಕನ್ನಡ ಟೈಪಿಂಗನ್ನೇ ಕಲಿತಳೆಂದು ನನಗೆ ಗೊತ್ತಾದದ್ದು ಆಮೇಲೆ.

ಮೂರು ವರ್ಷ ಕಳೆದ ಮೇಲೆ ಯಳಂದೂರಿನ ಒಂದು ಕಚೇರಿಯಿಂದ ನನಗೆ ಕಾಗದ ಬಂತು. ಕನ್ನಡ ಟೈಪಿಸ್ಟ್ ಹುದ್ದೆಗೆ ಪರೀಕ್ಷೆ ಇದೆ, ತಾವು ಪರೀಕ್ಷಕರಾಗಿ ಬರಬೇಕು ಎಂದಿತ್ತು. ಸುತ್ತಮುತ್ತ ಟೈಪಿಂಗ್ ಮೇಷ್ಟರೆಂದರೆ ನಾನೊಬ್ಬನೇ. ನನಗೆ ಯಾವ ಭಾಷೆ ಬರುತ್ತದೆಂದು ಯಾರೂ ವಿಚಾರಿಸಿರಲಿಲ್ಲ. ನಾನೂ ಹೇಳಲಿಲ್ಲ. 'ಪರೀಕ್ಷಕರು' ಎಂಬ ಪದವನ್ನು ಹೆಂಡತಿಗೆ ಎರಡು ಸಲ ಓದಿ ಹೇಳಿ, ಕೋಟು ಇಸ್ತ್ರಿ ಮಾಡಿಸಿಕೊಂಡು ಬಸ್ಸು ಹತ್ತಿದೆ.

ಅಲ್ಲಿ ಐದು ಜನ ಅಭ್ಯರ್ಥಿಗಳಿದ್ದರು. ಅವರಲ್ಲಿ ಮಹದೇವಮ್ಮನೂ ಇದ್ದಳು. ಹೊಸ ಕನ್ನಡ ಮಿಷನ್ನನ್ನು ಕಚೇರಿಯ ಸಾಹೇಬರ ಎದುರಿಗೇ ಇಟ್ಟಿದ್ದರು. ಪರೀಕ್ಷಕನ ಗತ್ತಿನಲ್ಲಿ ನಾನೊಂದು ಕೀಲಿ ಒತ್ತಿದೆ. ಹಾಳೆಯ ಮೇಲೆ ಗುರುತು ಬಿತ್ತು, ಆದರೆ ಹಾಳೆ ಹೊತ್ತ ಕ್ಯಾರೇಜು ಕದಲಲಿಲ್ಲ. ಮತ್ತೆ ಒತ್ತಿದೆ. ಗುರುತು ಅದೇ ಜಾಗದಲ್ಲಿ ಕಪ್ಪಾಯಿತೇ ಹೊರತು ಮುಂದಕ್ಕೆ ಹೋಗಲಿಲ್ಲ. ಮಿಷನ್ನು ಕೆಟ್ಟಿದೆ, ಮೆಕ್ಯಾನಿಕ್ ಬರಬೇಕು, ಪರೀಕ್ಷೆಯನ್ನು ಮುಂದಿನ ತಿಂಗಳಿಗೆ ಹಾಕಿ ಎಂದು ಸಾಹೇಬರಿಗೆ ತಿಳಿಸಿದೆ. ಹೇಳುವಾಗ ಒಳಗೊಳಗೇ ಸಮಾಧಾನವಾಗಿದ್ದೂ ಸುಳ್ಳಲ್ಲ.

ಮಹದೇವಮ್ಮ ಎದ್ದು ನಿಂತಳು.

"ಕೆಟ್ಟಿಲ್ಲ ಸಾ. ಆ ಕೀಲಿ ಒತ್ತುದ್ರೆ ಅದು ನಿಂತೇ ಇರ್ತದೆ. ಗುಣಿತದ ಗುರ್ತು ಅಕ್ಸರದ ಮೇಲೇ ಕೂರ್ಬೇಕಲ್ವ, ಅದ್ಕೇ ಅಂಗೆ ಮಾಡವ್ರೆ." ಸಾಹೇಬರ ಕಡೆ ತಿರುಗಿದಳು. "ಮುಂದಿನ ತಿಂಗ್ಳಿಗೆ ನಂಗೆ ವಯಸ್ಸು ಮೀರೋಯ್ತದೆ ಸಾ. ಆಮೇಲೆ ಯಾರೂ ತಕಳಲ್ಲ."

ಸಾಹೇಬರು ನನ್ನ ಮುಖ ನೋಡಿದರು. ಅವಳಿಗೇನು ಗೊತ್ತು ಎಂದು ನಾನು ಒಂದು ಮಾತು ಅಂದಿದ್ದರೆ ಸಾಕಿತ್ತು. ಕೋಟು ಹಾಕಿದವನು ನಾನು. ಆ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಕ್ಯಾರೇಜನ್ನು ನೋಡುತ್ತಿದ್ದಳು. ಕೈಬೆರಳುಗಳು ಸೆರಗಿನ ಅಂಚಿನ ಮೇಲೆ ಆಗಲೇ ಏನನ್ನೋ ಟೈಪು ಮಾಡುತ್ತಿದ್ದವು.

"ಆಕೆ ಹೇಳಿದ್ದೇ ಸರಿ ಸಾರ್," ಎಂದೆ. "ನನಗೆ ಕನ್ನಡ ಟೈಪಿಂಗ್ ಬರುವುದಿಲ್ಲ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಓದೋಕೆ ಬರುತ್ತೇನ್ರಿ?"

ಬರುತ್ತದೆ ಎಂದೆ.

"ಹಾಗಾದ್ರೆ ಕೂತ್ಕೊಂಡು ತಿದ್ದಿ."

ತಿದ್ದಿದೆ. ಮಹದೇವಮ್ಮನ ಹಾಳೆಯಲ್ಲಿ ಮೂರು ತಪ್ಪು ಹುಡುಕಿದೆ. ಅದರಲ್ಲಿ ಒಂದು ನನ್ನದೇ ಕಾಗುಣಿತದ ತಪ್ಪೆಂದು ಸಾಹೇಬರು ತೋರಿಸಿಕೊಟ್ಟರು. ಕೆಲಸ ಅವಳಿಗೇ ಆಯಿತು.

ಈ ಕಥೆ ನನಗಿಂತ ಮುಂಚಿನ ಬಸ್ಸಿಗೇ ಕೊಳ್ಳೇಗಾಲ ತಲುಪಿತ್ತು. ಇನ್‌ಸ್ಟಿಟ್ಯೂಟಿಗೆ ಬರುವವರು ಕಡಿಮೆಯಾದರು. ಬಂದವರೂ ಕನ್ನಡವನ್ನೇ ಕೇಳಿದರು. ಕೊನೆಗೆ ನಾನು ಹಳೆಯ ಕನ್ನಡ ಮಿಷನ್ನೊಂದನ್ನು ತಂದು, ಯಳಂದೂರಿಗೆ ಹೋಗಿ, ಭಾನುವಾರ ಬಂದು ಕಲಿಸುತ್ತೀಯೇನಮ್ಮ ಎಂದು ಮಹದೇವಮ್ಮನನ್ನು ಕೇಳಿದೆ. ಅವಳು ಹಳೆಯ ಭಾಷಣವನ್ನು ನೆನಪಿಸದೆ ಒಪ್ಪಿಕೊಂಡಳು. ನಾಲ್ಕು ಹುಡುಗಿಯರು ಸೇರಿದರು, ಐದನೆಯವನು ನಾನು. ಇಪ್ಪತ್ತು ವರ್ಷ ಇಂಗ್ಲಿಷ್ ಕುಟ್ಟಿದ ಬೆರಳುಗಳು 'ಮಾನ್ಯರೆ' ಎಂಬ ಒಂದು ಪದ ಮುಗಿಸುವಷ್ಟರಲ್ಲಿ ಆ ಹುಡುಗಿಯರು ಅರ್ಜಿಯನ್ನೇ ಮುಗಿಸುತ್ತಿದ್ದರು.

ವರ್ಷ ತುಂಬಿದ ಮೇಲೆ ಕನ್ನಡ ಟೈಪಿಂಗಿನ ಜೂನಿಯರ್ ಪರೀಕ್ಷೆಗೆ ಐವರೂ ಮೈಸೂರಿಗೆ ಹೋದೆವು. ಬಾಗಿಲಲ್ಲಿ ನಿಂತಿದ್ದವರು ಹುಡುಗಿಯರನ್ನೆಲ್ಲ ಒಳಗೆ ಬಿಟ್ಟು, ನನ್ನ ನರೆತ ತಲೆ ನೋಡಿ ಕೈ ಅಡ್ಡ ಹಿಡಿದರು. ತಂದೆಯವರು ಹೊರಗೆ ಮರದ ಕೆಳಗೆ ಕೂತಿರಬೇಕು, ಮಕ್ಕಳು ಬರೆದು ಬರುತ್ತಾರೆ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಹಾಲ್ ಟಿಕೆಟ್ ನನ್ನ ಜೇಬಿನಲ್ಲೇ ಇತ್ತು. ಆಮೇಲೆ ತೋರಿಸಿದರಾಯಿತು ಎಂದು ಹೋಗಿ ಮರದ ಕೆಳಗೆ ಕೂತೆ. ಗಂಟೆ ಹೊಡೆಯಲು ಇನ್ನೂ ಐದು ನಿಮಿಷವಿತ್ತು, ಗಾಳಿಯೂ ಚೆನ್ನಾಗಿ ಬೀಸುತ್ತಿತ್ತು.