ಅರ್ಥವಿರುವ ಹಾಡು

ಮಹಾರಾಷ್ಟ್ರದ ಕೊರೋಚಿಯ ಕನ್ನಡ ಶಾಲೆಯ ಸಂಗೀತ ಮಾಸ್ತರ ಅವಧೂತನಿಗೆ ಗ್ರಹಚಾರ ವಕ್ಕರಿಸಿದ್ದು ‘ಅರ್ಥ’ ಎಂಬ ಎರಡೇ ಅಕ್ಷರದಿಂದ.

ಹೆಡ್‌ಬಾಯಿ, ಅಂದರೆ ಮುಖ್ಯೋಪಾಧ್ಯಾಯಿನಿ, ಕಾಂಚನ ಅವರು ಕೊಲ್ಹಾಪುರದಲ್ಲಿ ಮೂರು ದಿನದ ತರಬೇತಿ ಮುಗಿಸಿಕೊಂಡು ಬಂದಿದ್ದರು. ಬಂದವರೇ ಅವಧೂತನನ್ನು ಕರೆಸಿದರು.

“ಮಾಸ್ತರ, ಗಿಣಿ ಬಂತು, ಮೊಲ ಹೋತು ಅಂತ ಇನ್ನ ಎಷ್ಟ ವರ್ಷ ಹಾಡಸ್ತೀರಿ? ಅದರಾಗ ಅರ್ಥ ಏನೈತ್ರಿ?”

“ಗಿಣಿ ಬಂತು ಅನ್ನೂದ ಅರ್ಥ ರೀ ಬಾಯಿ.”

“ಅಂಥಾದ್ದಲ್ರಿ. ಮಕ್ಕಳ ಎದಿಗೆ ತಾಗುವಂಥಾದ್ದು ಬೇಕು. ಸೋಮವಾರ ನಾಕಕ್ಕ ದಾದಾಸಾಹೇಬ್ರು ಬರ್ತಾರ. ಸಂಗೀತದ ಜಾಗಾ ಇಡೂದೋ ತಗಿಯೂದೋ ಅವತ್ತ ಠರಾವ ಆಗತೈತಿ. ನೋಡ್ರಿ, ನಿಮ್ಮ ಸಲುವಾಗೇ ಹೇಳಾಕತ್ತೇನಿ.”

ದಾದಾಸಾಹೇಬರು ಶಾಲೆಯ ಕಮಿಟಿಯ ಅಧ್ಯಕ್ಷರು. ಶಾಲೆಯ ಹಿಂದಿನ ಗಲ್ಲಿಯಲ್ಲೇ ಅವರ ಪವರ್‌ಲೂಮ್ ಶೆಡ್ಡು. ಶಾಲೆಯ ಅರ್ಧ ಮಕ್ಕಳ ತಾಯಂದಿರು ಅಲ್ಲಿ ಕಾಂಡಿಗೆ, ಅಂದರೆ ಮಗ್ಗದ ಲಾಳಿಯೊಳಗಿನ ಕೊಳವೆಗೆ, ನೂಲು ಸುತ್ತುವವರು. ಅವಧೂತನ ಹೆಂಡತಿ ಮನಿಷಾ ಕೂಡ ಅವರಲ್ಲೊಬ್ಬಳು. ಅವಧೂತನ ನೌಕರಿಯೋ, ಎಂಟು ವರ್ಷದಿಂದ ತಾತ್ಕಾಲಿಕವಾಗಿಯೇ ಕಾಯಂ ಆಗಿತ್ತು.

ಭಾನುವಾರ ಅವನು ಹಾರ್ಮೋನಿಯಂ ಮುಂದಿಟ್ಟುಕೊಂಡು ಕುಳಿತ. ಹೊರಗೆ ಜಿಟಿಜಿಟಿ ಮಳೆ. ಯಾವ ಮಾಯದಲ್ಲೋ ಹಾಡು ತಾನಾಗಿ ಬಿಚ್ಚಿಕೊಂಡು ಬಂತು:

ಬಾಗಿಲ ತೆರದೈತಿ, ಬೀದ್ಯಾಗ ಬೆಳಕಿಲ್ಲ,
ಅವ್ವ ಯಾಕಿನ್ನೂ ಬರಲಿಲ್ಲ?
ಎಲ್ಲಾರ ಅವ್ವಾರೂ ಬಂದಾರ ಮನಿಗೆ,
ನಮ್ಮವ್ವ ಯಾಕಿನ್ನೂ ಬರಲಿಲ್ಲ?

ಬರೆದು ಮುಗಿಸಿ ಎರಡು ಸಲ ತಾನೇ ಹಾಡಿಕೊಂಡ. ಎಂಟು ವರ್ಷದಲ್ಲಿ ಮೊದಲ ಸಲ ತಾನೊಬ್ಬ ಕಲಾವಿದ ಅನ್ನಿಸಿತು.

ಸೋಮವಾರ ಪ್ರಾರ್ಥನೆ ಮುಗಿಯುತ್ತಲೇ ಮೂರನೆಯ ತರಗತಿಗೆ ಹೋದ. ಮಕ್ಕಳಿಗೆ ಅಂಗೈಯಿಂದ ಬೆಂಚಿನ ಮೇಲೆ ತಾಳ ಹಾಕುವುದನ್ನು ತೋರಿಸಿ, ಸಾಲು ಸಾಲಾಗಿ ಹಾಡಿಸಿದ. ಮಕ್ಕಳು ಗಿಣಿ, ಮೊಲಗಳನ್ನು ಹಾಡುತ್ತಿದ್ದ ಹುರುಪಿನಲ್ಲೇ, ಮದುವೆ ಮನೆಯಲ್ಲಿ ಜಿಲೇಬಿಗೆ ಕೂಗುವವರ ಹಾಗೆ, “ಅವ್ವ ಯಾಕಿನ್ನೂ ಬರಲಿಲ್ಲ” ಎಂದು ಕಿರುಚಿದವು.

ಅವಧೂತ ಹಾರ್ಮೋನಿಯಂ ನಿಲ್ಲಿಸಿದ. “ಹಂಗಲ್ರೋ, ಅರ್ಥ ತಿಳದ ಹಾಡ್ರಿ. ಒಂದ ಕೂಸು ಸಾಲಿ ಬಿಟ್ಟ ಮ್ಯಾಲೆ ಮನಿಗೆ ಬಂದೈತಿ. ಮನ್ಯಾಗ ಯಾರೂ ಇಲ್ಲ. ಕತ್ತಲಾಗಾಕತ್ತೈತಿ. ಅವ್ವ ಬಂದಿಲ್ಲ. ಅದಕ ಹೆಂಗನಸ್ತೈತಿ?”

ಎರಡನೆಯ ಬೆಂಚಿನಿಂದ ಮೋನಾಲಿ ಎದ್ದು ನಿಂತಳು. ಮೋನಾಲಿ ಅವನ ಮಗಳೇ. ಆದರೆ ಶಾಲೆಯಲ್ಲಿ ಅಪ್ಪನಿಗೂ ಸರ್ ಎನ್ನಬೇಕೆಂಬುದು ಕಾಂಚನಬಾಯಿಯ ಶಿಸ್ತು.

“ಸರ್, ಅವರವ್ವ ಆಮ್ಯಾಲೆ ಬಂದ್ಲೇನ್ರಿ?”

ಅಲ್ಲಿ ಹೂಂ ಎಂದುಬಿಟ್ಟಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಆದರೆ ಭಾನುವಾರ ಎಚ್ಚೆತ್ತ ಕಲಾವಿದ ಇನ್ನೂ ಮಲಗಿರಲಿಲ್ಲ.

“ಹಾಡಿನ್ಯಾಗ ಬರಂಗಿಲ್ಲವ್ವಾ,” ಎಂದ.

ಮೋನಾಲಿಯ ಕೆಳತುಟಿ ನಡುಗಿತು. ಅವಳು ಅಳತೊಡಗಿದ್ದೇ ತಡ, ಪಕ್ಕದವಳು, ಹಿಂದಿನವನು, ಕಿಟಕಿಯ ಬಳಿಯ ಮೂವರು, ಹೀಗೆ ಇಡೀ ತರಗತಿ ಗೊಳೋ ಎಂದಿತು. ತಗಡಿನ ತಡಿಕೆಯ ಆಚೆ ಎರಡನೆಯ ತರಗತಿಯವರು ಯಾಕೆಂದು ಕೇಳದೆಯೇ ದನಿಗೂಡಿಸಿದರು. ಆ ತರಗತಿಯ ಸರಿತಾಬಾಯಿ ಕೈಯಲ್ಲಿ ಚಾಕ್ ಹಿಡಿದೇ ಓಡಿ ಬಂದರು.

“ಏನ್ ಮಾಡಿದ್ರಿ ಅವಧೂತ ಸರ್? ಹೊಡದ್ರೇನು?”

“ಇಲ್ರಿ, ಹಾಡೇ ಕಲಿಸೇನಿ!”

ಗಾಬರಿಯಲ್ಲಿ ಅವನು “ಬಂದಾಳ, ಬಂದಾಳ, ಅವ್ವ ಬಂದಾಳ” ಎಂದು ಹೊಸ ಸಾಲು ಕಟ್ಟಿ ಏರುದನಿಯಲ್ಲಿ ಹಾಡಿದ. ಮಕ್ಕಳು ಆಸೆಯಿಂದ ಬಾಗಿಲ ಕಡೆ ನೋಡಿದವು. ಅಲ್ಲಿ ಸರಿತಾಬಾಯಿ ಒಬ್ಬರೇ ನಿಂತಿದ್ದರು. ಅಳು ಇಮ್ಮಡಿಯಾಯಿತು.

ಊಟದ ಬೆಲ್ಲು ಹೊಡೆಯುವ ಹೊತ್ತಿಗೆ ಅಳು ನಿಂತಿತ್ತು. ಅವಧೂತ ಬೆವರೊರೆಸಿಕೊಂಡ. ಆದರೆ ಮಕ್ಕಳು ಡಬ್ಬಿ ಬಿಚ್ಚಲಿಲ್ಲ. ಯಾರು ಮೊದಲು ಗೇಟು ದಾಟಿದರೋ ಗೊತ್ತಿಲ್ಲ, ನಲವತ್ತು ಮಕ್ಕಳು ಮಳೆಯಲ್ಲಿ ತೋಯುತ್ತ ಶೆಡ್ಡಿನತ್ತ ಓಡಿದವು. ಅವ್ವ ಇದ್ದಾಳೋ ಇಲ್ಲವೋ ಕಣ್ಣಾರೆ ನೋಡಿಕೊಂಡು ಬರಬೇಕಾಗಿತ್ತು.

ಮಗ್ಗಗಳ ನಡುವೆ ಮಕ್ಕಳು ನುಗ್ಗಿದ್ದನ್ನು ಕಂಡು, ಮಗ್ಗ ರಿಪೇರಿ ಮಾಡುವ ಜಾಬರ್ ತಾತೋಬಾ ಎದೆ ಒಡೆದವನಂತೆ ಹೋಗಿ ಮೇನ್ ಸ್ವಿಚ್ಚು ಎಳೆದ. ಇಡೀ ಶೆಡ್ಡು ನಿಂತಿತು. “ಶಾಳೇತ ಕಾಯ್ ಝಾಲಂ?” ಎಂದು, ಶಾಲೆಯಲ್ಲಿ ಏನಾಯಿತೆಂದು ಮರಾಠಿಯಲ್ಲಿ ಕೇಳುತ್ತ ಆಚೆ ಓಣಿಯ ಹೆಂಗಸರು ಹೊರಬಂದರು. ಶಾಲೆಯ ಗೋಡೆ ಬಿದ್ದಿದೆ ಎಂದು ಒಬ್ಬಳು, ಕರೆಂಟು ಹೊಡೆದಿದೆ ಎಂದು ಇನ್ನೊಬ್ಬಳು. ಹತ್ತು ನಿಮಿಷದಲ್ಲಿ ತಾಯಂದಿರ ದಂಡು ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು ಶಾಲೆಯ ಅಂಗಳದಲ್ಲಿ ನಿಂತಿತ್ತು. ಎಲ್ಲರ ತಲೆಯ ಮೇಲೂ ಹತ್ತಿಯ ಧೂಳು. ಒಂದೇ ದಿನದಲ್ಲಿ ಊರಿಗೆಲ್ಲ ಮುಪ್ಪು ಬಂದಂತಿತ್ತು.

ಮುಂದೆ ನಿಂತವಳು ದುಂಡವ್ವ. ಮೊಮ್ಮಗನನ್ನು ಸಾಕುತ್ತಿದ್ದ ಹಿರಿಯಳು.

“ಎಲ್ಲಿ ಅದಾನ ಮಾಸ್ತರ? ನಾ ಇನ್ನ ಬರಂಗಿಲ್ಲಂತ ನನ್ನ ಕೂಸಿಗೆ ಹೇಳ್ಯಾನಂತ! ನಾ ಸತ್ತೇನೇನ? ಮುಟ್ಟಿ ನೋಡ್ ಬಾ ಅನ್ರಿ!”

ಗುಂಪಿನ ನಡುವೆ ಮನಿಷಾ ಇದ್ದಳು. ಮೋನಾಲಿ ಅವಳ ಕೊರಳಿಗೆ ಜೋತುಬಿದ್ದಿದ್ದಳು. ಮನಿಷಾ ಸೆರಗಿನಿಂದ ಮಗಳ ಒದ್ದೆ ತಲೆ ಒರೆಸುತ್ತ ಗಂಡನನ್ನು ನೋಡಿದಳು. ಸಂಜೆ ತಾನು ಇಚಲಕರಂಜಿಗೆ ಹಾರ್ಮೋನಿಯಂ ಟ್ಯೂಶನ್ನಿಗೆ ಹೋದ ಮೇಲೆ, ಮನಿಷಾ ಏಳು ಗಂಟೆಗೆ ಬರುವ ತನಕ, ಮನೆಯ ಹೊಸ್ತಿಲ ಮೇಲೆ ಯಾರು ಕುಳಿತಿರುತ್ತಾರೆ ಎಂಬುದು ಅವಧೂತನಿಗೆ ಆಗ ಹೊಳೆಯಿತು. ಹಾಡು ಎಲ್ಲಿಂದ ಬಂದಿತ್ತೆಂಬುದೂ ಹೊಳೆಯಿತು. ಅವನು ತಲೆ ತಗ್ಗಿಸಿದ.

ದಾದಾಸಾಹೇಬರು ನಾಲ್ಕಕ್ಕೆ ಬರಬೇಕಾದವರು ಎರಡಕ್ಕೇ ಬಂದರು. ಮುಖ ಕಾದ ಹೆಂಚಾಗಿತ್ತು.

“ಯೂನಿಯನ್ನಿನವರು ತಿಂಗಳಗಟ್ಲೆ ಬೊಬ್ಬಿ ಹೊಡದ್ರೂ ನನ್ನ ಮಗ್ಗ ನಿಂತಿದ್ದಿಲ್ಲ. ನೀವ ಒಂದ ಹಾರ್ಮೋನಿಯಂ ಪೆಟಗಿ ಬಾರ್ಸಿ ನಿಲ್ಲಿಸಿದ್ರಿ! ಏನ್ ಹಾಡ್ರಿ ಅದು? ಹಾಡ್ರಿ, ನಾನೂ ಕೇಳತೇನಿ.”

“ಬ್ಯಾಡ್ರಿ ಸಾಹೇಬ್ರ,” ಎಂದರು ಕಾಂಚನಬಾಯಿ.

“ಹಾಡ್ರಿ ಅಂದೆ!”

ಅವಧೂತ ಎರಡು ಸಲ ಹಾರ್ಮೋನಿಯಂನ ತಪ್ಪು ಮನೆ ಒತ್ತಿದ. ಆದರೆ ಮಕ್ಕಳು ಈಗ ಕಿರುಚಲಿಲ್ಲ. ಅವ್ವಂದಿರ ಸೆರಗು ಹಿಡಿದುಕೊಂಡು, ಮೆಲ್ಲಗೆ, ಒಂದೇ ದನಿಯಲ್ಲಿ ಹಾಡಿದವು. ಎರಡನೆಯ ಸಾಲಿಗೆ ಹೆಂಗಸರೂ ಗುನುಗಿದರು. ದುಂಡವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಹಾಡು ಮುಗಿದಾಗ ದಾದಾಸಾಹೇಬರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಅವರ ತಾಯಿಯೂ ಒಂದು ಕಾಲಕ್ಕೆ ಕಂಡವರ ಶೆಡ್ಡಿನಲ್ಲಿ ಕಾಂಡಿ ಸುತ್ತಿದವಳೇ.

“ಈ ಮಕ್ಕಳು ಸಂಜಿಮಟಾ ಒಬ್ಬಂಟಿ ಕುಂದ್ರತಾವೇನ?”

“ಮತ್ತೇನ್ ಮಾಡೂದ್ರಿ ಮಾಲಕ್ರ,” ಎಂದಳು ದುಂಡವ್ವ. “ನೀವ ನಮ್ಮನ್ನ ಬಿಡೂದ ಏಳಕ್ಕ.”

ದಾದಾಸಾಹೇಬರು ಸಂಗೀತದ ಕೋಣೆಯ ಬಾಗಿಲಲ್ಲಿದ್ದ ಮೇಜು ಗುದ್ದಿದರು. “ಇನ್ನ ಮ್ಯಾಲೆ ಯಾವ ಕೂಸೂ ಒಂಟಿ ಕುಂದ್ರಬಾರದು! ಸಾಲಿ ಬಿಟ್ಟ ಮ್ಯಾಲೆ ಎಲ್ಲಾ ಮಕ್ಕಳೂ ಈ ಸಂಗೀತದ ಖೋಲ್ಯಾಗ ಇರ್ಲಿ. ಹಾಲು ಕೊಡ್ರಿ, ಚಾಪಿ ಹಾಸ್ರಿ. ಮಾಸ್ತರ, ಇದಕ್ಕ ಅನ್ನೂದು ಹಾಡು! ಅರ್ಥ ಇದ್ರ ಹಿಂಗಿರಬೇಕು!”

ಅಂಗಳದಲ್ಲಿ ಚಪ್ಪಾಳೆ ಬಿತ್ತು. ಅವಧೂತನಿಗೆ ಬೆಳಗಿನಿಂದ ಮೊದಲ ಸಲ ಉಸಿರು ಸರಾಗವಾಗಿ ಆಡಿತು.

“ಹಂಗಾರ ಸಂಗೀತದ ಜಾಗಾ ಕಾಯಂ ಅಂತ ಬರಕೊಳ್ಳಲ್ರಿ?” ಎಂದು ಕಾಂಚನಬಾಯಿ ಪೆನ್ನು ತೆಗೆದರು.

“ಕಾಯಂ. ಆದ್ರ ಸಂಗೀತ ಯಾಕ ಇನ್ನ? ಮಲಗಿದ ಮಕ್ಕಳು ಪೆಟಗಿ ಸಪ್ಪಳಕ್ಕ ಏಳತಾವು. ಇರೂದ ಒಂದ ಜಾಗಾ, ಅದಕ್ಕ ಮುಂಜಾನಿಂದ ಸಂಜಿಮಟಾ ಮಕ್ಕಳನ್ನ ನೋಡಿಕೊಳ್ಳೂ ಒಬ್ಬ ಬಾಯಿ ಬೇಕು. ಯಾರ ಅದಾರ್ರಿ ಶಾಣ್ಯಾಕಿ?”

“ನಮ್ಮ ಮನಿಷಾ!” ಎಂದು ಹೆಂಗಸರೆಲ್ಲ ಒಟ್ಟಿಗೆ ಕೂಗಿದರು. ಮೋನಾಲಿ ಕಣ್ಣೊರೆಸಿಕೊಂಡು ನಕ್ಕಳು. “ಅವ್ವಾ, ಇನ್ನ ನೀ ದಿನಾ ನನ್ನ ಸಂಗಾಟ ಇರ್ತೀ?”

“ಯಾರದರ ತಕರಾರ?” ಎಂದರು ದಾದಾಸಾಹೇಬರು.

ಅವಧೂತ ಬಾಯಿ ತೆರೆದ. ಮಗಳ ಮುಖ ನೋಡಿದ. ಬಾಯಿ ಮುಚ್ಚಿದ.

ಮಾಲಕರು ಅವನ ಹೆಗಲ ಮೇಲೆ ಕೈಯಿಟ್ಟರು. “ಕಾಳಜಿ ಮಾಡಬ್ಯಾಡ್ರಿ ಮಾಸ್ತರ. ನಿಮ್ಮಂಥಾ ಮನಿಶ್ಯಾನ್ನ ನಾ ಕೈ ಬಿಡಾಂವಲ್ಲ. ಮನಿಷಾಬಾಯಿ ಜಾಗಾ ಹೆಂಗೂ ಖಾಲಿ ಆತಲ್ಲ.”

ಮರುದಿನ ಬೆಳಿಗ್ಗೆ ಮನಿಷಾ ಇಸ್ತ್ರಿ ಸೀರೆಯುಟ್ಟು ಮಗಳ ಕೈ ಹಿಡಿದು ಶಾಲೆಯ ಕಡೆ ಹೋದಳು. ಅವಧೂತ ಡಬ್ಬಿ ಹಿಡಿದು ಶೆಡ್ಡಿನ ಕಡೆ ನಡೆದ. ತಾತೋಬಾ ಅವನನ್ನು ಕಾಂಡಿ ಯಂತ್ರದ ಮುಂದೆ ಕೂರಿಸಿ, ನೂಲಿನ ತುದಿ ಹಿಡಿಯುವುದನ್ನು ಎರಡು ಸಲ ತೋರಿಸಿದ. ಹೋಗುವ ಮುಂಚೆ ಅಯ್ಯೋ ಪಾಪ ಅನ್ನಿಸಿತೋ ಏನೋ, ಮಗ್ಗಗಳ ಗದ್ದಲದಲ್ಲಿ ಅವನ ಕಿವಿಯ ಹತ್ತಿರ ಬಾಯಿ ತಂದು ಒದರಿದ:

“ಮನಸಿಗೆ ಹಚ್ಕೋಬ್ಯಾಡ್ರಿ ಮಾಸ್ತರ! ಇಲ್ಲಿ ಬೇಕಾದಷ್ಟ ಹಾಡ್ರಿ, ಯಾರೂ ಅಳಂಗಿಲ್ಲ. ಯಾರಿಗೂ ಕೇಳ್ಸೂದ ಇಲ್ಲ!”